ವೆಜೆಫ್ ಅಳೆಯುವ ಮೊದಲು ಮುಚ್ಚಳದ ಬಣ್ಣ ನೋಡಿ

ಸಿಒಪಿಡಿ ಎಂಬ, ಉಸಿರಿಗೆ ತಡೆಯೊಡ್ಡುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ವೆಜೆಫ್ ಎಂಬ ರಕ್ತನಾಳ ಬೆಳೆಸುವ ಪ್ರೋಟೀನು ಹೆಚ್ಚಿರುತ್ತದೋ ಕಡಿಮೆ ಇರುತ್ತದೋ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ರಕ್ತ ತೆಗೆದ ಟ್ಯೂಬಿನ ಮುಚ್ಚಳ ಯಾವ ಬಣ್ಣದ್ದು? ಕೇಳುವವರು ಹೆಚ್ಚಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳು, ಪ್ರಬಂಧಕ್ಕೆ ವಿಷಯ ಸಿಕ್ಕಿತೆಂಬ ಹುರುಪಿನಲ್ಲಿ ಬಂದವರು. ನನ್ನ ಮಾತು ಅವರಿಗೆ ಕೊಂಕಿನಂತೆ ಕೇಳಿಸುತ್ತದೆ. ಕೊಂಕಲ್ಲ, ಸ್ವಂತ ಕೈ ಸುಟ್ಟುಕೊಂಡು ಕಲಿತದ್ದು.

ಪ್ರತಿಕಾಯಗಳ ಸಹಾಯದಿಂದ ಪ್ರೋಟೀನು ಅಳೆಯುವ ಎಲೈಸಾ ತಟ್ಟೆಗಳು ಕೈಗೆ ಚೆನ್ನಾಗಿ ಒಗ್ಗಿದ್ದ ಕಾಲವದು. ಎಂಬತ್ತು ಚಿಲ್ಲರೆ ಮಾದರಿಗಳು ನಮ್ಮ ಫ್ರೀಜರಿಗೆ ಬಂದಿದ್ದವು. ತೀವ್ರ ಕಾಯಿಲೆಯವರದು ವಾರ್ಡಿನಿಂದ, ಸಾಧಾರಣ ಕಾಯಿಲೆಯವರದು ಹೊರರೋಗಿ ವಿಭಾಗದಿಂದ. ತಟ್ಟೆ ಓದಿದಾಗ ತೀವ್ರ ಕಾಯಿಲೆಯವರ ವೆಜೆಫ್ ಹಲವು ಪಟ್ಟು ಹೆಚ್ಚು. ಗ್ರಾಫ್ ಎಷ್ಟು ಚೆಂದ ಬಂದಿತ್ತೆಂದರೆ ಎರಡು ಗುಂಪಿನ ಚುಕ್ಕೆಗಳು ಒಂದರ ಮೇಲೊಂದು ಬೀಳುತ್ತಲೇ ಇರಲಿಲ್ಲ. ಮನುಷ್ಯರ ಮಾದರಿಯಲ್ಲಿ ಅಷ್ಟು ಚೆಂದದ ಗ್ರಾಫ್ ಬಂದರೆ ಅನುಮಾನ ಪಡಬೇಕು ಎಂಬ ಬುದ್ಧಿ ಆಗ ಇರಲಿಲ್ಲ. ಎರಡು ದಿನ ಸಂತೋಷಪಟ್ಟೆವು. ಮೂರನೆಯ ದಿನ, ಬೇರೆ ಏನನ್ನೋ ಹುಡುಕುತ್ತಾ ಮಾದರಿ ದಾಖಲೆಯ ಪುಸ್ತಕ ತಿರುವಿದಾಗ ಸಣ್ಣ ಅಕ್ಷರದಲ್ಲಿ ಕಂಡಿತು: ವಾರ್ಡಿನವರು ಬಳಸಿದ್ದು ಕೆಂಪು ಮುಚ್ಚಳದ ಟ್ಯೂಬು, ಹೊರರೋಗಿ ವಿಭಾಗದವರು ಬಳಸಿದ್ದು ನೇರಳೆ ಮುಚ್ಚಳದ್ದು.

ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮೇಲೆ ಸೀರಮ್ ಉಳಿಯುತ್ತದೆ. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮೊಳಗೆ ಕೂಡಿಟ್ಟಿದ್ದ ವೆಜೆಫನ್ನು ಹೊರಗೆ ಚೆಲ್ಲುತ್ತವೆ. ನೇರಳೆ ಮುಚ್ಚಳದ್ದರಲ್ಲಿ ಹೆಪ್ಪು ತಡೆಯುವ ಇಡಿಟಿಎ ಇರುವುದರಿಂದ ಹೆಪ್ಪಿಲ್ಲ, ಚೆಲ್ಲಾಟವೂ ಇಲ್ಲ. ಅಲ್ಲಿ ಸಿಗುವುದು ಪ್ಲಾಸ್ಮಾ. ನಾವು ಅಳೆದದ್ದು ಕಾಯಿಲೆಯ ತೀವ್ರತೆಯನ್ನಲ್ಲ, ಹೆಪ್ಪನ್ನು. ಆ ಎಂಬತ್ತು ಚಿಲ್ಲರೆ ಮಾದರಿಗಳಲ್ಲಿ ಒಂದನ್ನೂ ಬಳಸಲಾಗಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಏನು ಮಾಡಬೇಕು, ಇನ್ನೊಬ್ಬರು ಅಳೆದದ್ದನ್ನು ಓದುವವರು ಯಾವುದನ್ನು ತಡಕಿ ನೋಡಬೇಕು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ವೆಜೆಫ್ ಎಂದರೆ ವಿಇಜಿಎಫ್, ಅಂದರೆ ರಕ್ತನಾಳದ ಒಳಪದರವನ್ನು ಬೆಳೆಸುವ ಅಂಶ. ಪ್ರಯೋಗಾಲಯದಲ್ಲಿ ನಾಲ್ಕಕ್ಷರ ಬಿಡಿಸಿ ಹೇಳುವ ತಾಳ್ಮೆ ಯಾರಿಗೂ ಇಲ್ಲ, ಹಾಗಾಗಿ ವೆಜೆಫ್.

ಇದಕ್ಕೆ ಎರಡು ಹುಟ್ಟು, ಎರಡು ಹೆಸರು. 1983ರಲ್ಲಿ ಸೆಂಗರ್ ಮತ್ತು ಡ್ವೋರಾಕ್ ಅವರ ತಂಡ ಗಡ್ಡೆಗಳಿಂದ ಒಸರುವ ಒಂದು ಪ್ರೋಟೀನನ್ನು ಗುರುತಿಸಿ, ಅದು ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ ಎಂದು ಸೋರಿಕೆಯ ಹೆಸರನ್ನೇ ಇಟ್ಟಿತು. 1989ರಲ್ಲಿ ಫೆರಾರಾ ಮತ್ತು ಜೊತೆಗಾರರು ರಕ್ತನಾಳದ ಕೋಶಗಳನ್ನು ಬೆಳೆಸುವ ಪ್ರೋಟೀನೊಂದನ್ನು ಬೇರ್ಪಡಿಸಿ ಈಗಿನ ಹೆಸರು ಕೊಟ್ಟರು. ಆಮೇಲೆ ನೋಡಿದರೆ ಎರಡೂ ಒಂದೇ. ಸೋರಿಸುವುದು, ಬೆಳೆಸುವುದು, ಇವೆರಡರ ಜೊತೆಗೆ ಮೂರನೆಯದೊಂದು ಗುಣವಿದೆ: ಬದುಕಿಸುವುದು. ಶ್ವಾಸಕೋಶದ ಮಟ್ಟಿಗೆ ಈ ಮೂರನೆಯದೇ ದೊಡ್ಡದು. ಬೆಳೆದು ಮುಗಿದ ರಕ್ತನಾಳದ ಕೋಶವೂ ದಿನವೂ ಈ ಸಂಕೇತ ಬರುತ್ತಿದ್ದರೆ ಮಾತ್ರ ಉಳಿಯುತ್ತದೆ. ನಿಂತರೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ.

ಮೊದಲು ಜಾಗ ಗೊತ್ತುಮಾಡಿಕೊಳ್ಳಿ

ಸಿಒಪಿಡಿ ಒಂದೇ ಹೆಸರಿನ ಕೆಳಗೆ ಕೂತ ಹಲವು ಕಾಯಿಲೆ. ಒಂದು ಕಡೆ ಶ್ವಾಸನಾಳದ ಗೋಡೆ ಊದಿ ಕಫ ತುಂಬುವ ಬ್ರಾಂಕೈಟಿಸ್, ಇನ್ನೊಂದು ಕಡೆ ಗಾಳಿಗೂಡುಗಳ ಗೋಡೆ ಕರಗಿಹೋಗುವ ಎಂಫಿಸೀಮಾ. ಒಬ್ಬರಲ್ಲೇ ಎರಡೂ ಇರುವುದು ಸಾಮಾನ್ಯ. ಪ್ರಶ್ನೆ ಬರೆಯುವ ಹಾಳೆಯಲ್ಲಿ ನೀವು ಮಾಡಬೇಕಾದ ಮೊದಲ ಕೆಲಸ ಈ ಎರಡು ಜಾಗಗಳನ್ನು ಬೇರೆ ಮಾಡುವುದು. ಮೂರನೆಯ ಜಾಗ ಶ್ವಾಸಕೋಶದ ಅಪಧಮನಿಗಳು, ನಾಲ್ಕನೆಯದು ಮೈಯಲ್ಲಿ ಹರಿಯುವ ರಕ್ತ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ನಾಟುವುದಿಲ್ಲ, ಒಂದು ಸ್ಲೈಡ್ ನೋಡಬೇಕು. ಗಡ್ಡೆಗಾಗಿ ಶ್ವಾಸಕೋಶದ ಒಂದು ಭಾಗ ತೆಗೆಸಿಕೊಂಡ, ದೀರ್ಘಕಾಲ ಧೂಮಪಾನ ಮಾಡಿದ್ದ ವ್ಯಕ್ತಿಯೊಬ್ಬರ ಅಂಗಾಂಶ. ಗಡ್ಡೆಯಿಂದ ದೂರದ ತುಂಡು. ರಕ್ತನಾಳದ ಒಳಪದರ ಕಂದು ಬಣ್ಣದಲ್ಲಿ ಎದ್ದುಬರುವಂತೆ ಸಿಡಿ31 ಬಣ್ಣ ಹಾಕಿದ್ದೆವು. ಶ್ವಾಸನಾಳದ ಗೋಡೆಯ ಮೇಲೆ ಮಸೂರ ನಿಲ್ಲಿಸಿದರೆ ಕಂದು ಉಂಗುರಗಳ ಸಂತೆ: ದೊಡ್ಡವು, ಚಿಕ್ಕವು, ಅಂಚು ಅಂಚಿಗೆ ಒತ್ತಿಕೊಂಡವು. ಗಾಜನ್ನು ಕೆಲವೇ ಮಿಲಿಮೀಟರ್ ಪಕ್ಕಕ್ಕೆ ಸರಿಸಿದರೆ ಎಂಫಿಸೀಮಾದ ಬಯಲು. ಮುರಿದ ಗೋಡೆಗಳ ತುದಿಗಳು ಗಾಳಿಯಲ್ಲಿ ತೇಲಿದಂತಿವೆ. ಉಳಿದ ಗೋಡೆ ಜೇಡರ ಎಳೆಯಷ್ಟು ತೆಳು, ಕಂದು ಗೆರೆ ಅಲ್ಲೊಂದು ಇಲ್ಲೊಂದು. ಒಂದೇ ಮನುಷ್ಯ, ಒಂದೇ ದಿನ, ಒಂದೇ ಗಾಜು. ಈ ಶ್ವಾಸಕೋಶದಲ್ಲಿ ರಕ್ತನಾಳ ಹೆಚ್ಚಿದೆಯೋ ಕಡಿಮೆ ಇದೆಯೋ ಎಂದು ಕೇಳಿದರೆ ಏನು ಹೇಳುವುದು?

ಗಾಳಿಗೂಡಿನ ಗೋಡೆಯಲ್ಲಿ ರಕ್ತನಾಳ ಕಾಣೆಯಾಗುವುದನ್ನು 1959ರಷ್ಟು ಹಿಂದೆಯೇ ಲೀಬೋ ಎಂಬ ರೋಗಶಾಸ್ತ್ರಜ್ಞ ಗಮನಿಸಿ ಬರೆದಿದ್ದರು. ಪೋಷಣೆ ತಪ್ಪಿ ಗೋಡೆ ಸವೆಯಿತೇ ಎಂಬ ಅವರ ಅನುಮಾನ ಹಲವು ದಶಕ ಬದಿಗೆ ಬಿದ್ದಿತ್ತು. ಎಲ್ಲರೂ ಗೋಡೆ ಕರಗಿಸುವ ಕಿಣ್ವಗಳ ಹಿಂದೆ ಬಿದ್ದಿದ್ದರು. 2000ದಲ್ಲಿ ಕಸಹಾರಾ, ಟ್ಯೂಡರ್, ವೋಲ್ಕೆಲ್ ಮತ್ತಿತರರು ಇಲಿಗಳಿಗೆ ವೆಜೆಫ್ ಗ್ರಾಹಕವನ್ನು, ಅಂದರೆ ವೆಜೆಫ್ ಬಂದು ಕೂರುವ ಕೋಶದ ಮೇಲಿನ ಪ್ರೋಟೀನನ್ನು, ತಡೆಯುವ ಎಸ್‌ಯು5416 ಎಂಬ ಔಷಧವನ್ನು ಕೊಟ್ಟರು. ಹೊಗೆ ಇಲ್ಲ, ಉರಿಯೂತದ ಗದ್ದಲವಿಲ್ಲ. ಆದರೂ ಗಾಳಿಗೂಡುಗಳು ದೊಡ್ಡದಾದವು, ಗೋಡೆಯ ಕೋಶಗಳು ಸತ್ತವು. ಕೋಶಗಳ ಆತ್ಮಹತ್ಯೆಯನ್ನು ತಡೆಯುವ ಇನ್ನೊಂದು ಔಷಧವನ್ನು ಜೊತೆಗೆ ಕೊಟ್ಟಾಗ ಎಂಫಿಸೀಮಾ ಬರಲಿಲ್ಲ. ಮರುವರ್ಷ ಅದೇ ತಂಡ ಮನುಷ್ಯರ ಎಂಫಿಸೀಮಾ ಅಂಗಾಂಶದಲ್ಲಿ ವೆಜೆಫ್ ಮತ್ತು ಅದರ ಎರಡನೆಯ ಗ್ರಾಹಕ ಎರಡೂ ಇಳಿದಿರುವುದನ್ನು ತೋರಿಸಿತು. 2004ರಲ್ಲಿ ಟ್ಯಾಂಗ್ ಮತ್ತು ಜೊತೆಗಾರರು ಇಲಿಯ ಶ್ವಾಸಕೋಶದಲ್ಲಿ ಮಾತ್ರ ವೆಜೆಫ್ ಜೀನನ್ನು ಅಳಿಸಿದಾಗಲೂ ಗಾಳಿಗೂಡುಗಳು ಹಿಗ್ಗಿದವು.

ಇತ್ತ ಶ್ವಾಸನಾಳದ ಕಡೆ ಕಥೆ ತಿರುವುಮುರುವು. 2003ರಲ್ಲಿ ಕನಜಾವಾ ಮತ್ತು ಸಂಗಡಿಗರು ಕಫದಲ್ಲಿ ಅಳೆದು, ಬ್ರಾಂಕೈಟಿಸ್ ಮಾದರಿಯವರಲ್ಲಿ ವೆಜೆಫ್ ಏರಿದೆ, ಎಂಫಿಸೀಮಾ ಮಾದರಿಯವರಲ್ಲಿ ಇಳಿದಿದೆ ಎಂದು ಕಂಡರು. ಎರಡು ಗುಂಪನ್ನು ಕಲಸಿ ಸರಾಸರಿ ತೆಗೆದಿದ್ದರೆ? ವ್ಯತ್ಯಾಸವಿಲ್ಲ ಎಂದು ಬರೆದು ಮುಗಿಸುತ್ತಿದ್ದರು. ಅಂಥ ಪ್ರಬಂಧಗಳನ್ನು ನಾನು ಸಾಕಷ್ಟು ಓದಿದ್ದೇನೆ.

ರೋಗಿಗಳನ್ನು ವಿಂಗಡಿಸುವುದು

ಹಾಗಾಗಿ ಉಸಿರು ಊದಿಸಿ ನೋಡುವ ಸ್ಪೈರೋಮೆಟ್ರಿ ಒಂದನ್ನೇ ನಂಬಿ ಗುಂಪು ಮಾಡಬೇಡಿ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ನಂತರ ಎಫ್‌ಇವಿ1 (ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ) ಮತ್ತು ಎಫ್‌ವಿಸಿಯ (ಒಟ್ಟು ಊದಿದ ಗಾಳಿ) ಅನುಪಾತ 0.7ಕ್ಕಿಂತ ಕಡಿಮೆ ಎಂಬುದು ಗಾಳಿಯ ಹರಿವಿಗೆ ತಡೆ ಇದೆ ಎಂದಷ್ಟೇ ಹೇಳುತ್ತದೆ. ಎಫ್‌ಇವಿ1 ನಿರೀಕ್ಷಿತ ಮಟ್ಟದ ಶೇಕಡಾ 80, 50, 30 ಎಂಬ ಗೆರೆಗಳು ತಡೆಯ ತೀವ್ರತೆ ಹೇಳುತ್ತವೆ. ಆ ತಡೆ ಗೋಡೆ ಊದಿ ಬಂದದ್ದೋ, ಗಾಳಿಗೂಡು ಹರಿದು ಬಂದದ್ದೋ ಎಂಬುದನ್ನು ಅವು ಹೇಳುವುದಿಲ್ಲ. ಅದಕ್ಕೆ ಸಿಟಿ ಸ್ಕ್ಯಾನ್ ಬೇಕು. ಅದರ ಜೊತೆಗೆ ಅನಿಲ ದಾಟುವ ಸಾಮರ್ಥ್ಯ ಅಳೆಯುವ ಡಿಎಲ್‌ಸಿಒ ಬೇಕು. ವೆಜೆಫ್ ಅಧ್ಯಯನಕ್ಕೆ ಒಂದೇ ಒಂದು ಹೆಚ್ಚುವರಿ ಪರೀಕ್ಷೆಗೆ ಅನುಮತಿ ಇದೆ ಎಂದರೆ ನಾನು ಡಿಎಲ್‌ಸಿಒ ಕೇಳುತ್ತೇನೆ. ಗೋಡೆ ಮತ್ತು ಅದರ ರಕ್ತನಾಳಗಳು ಎಷ್ಟು ಉಳಿದಿವೆ ಎಂಬುದಕ್ಕೆ ಅದು ಹತ್ತಿರದ ಸಾಕ್ಷಿ.

ಧೂಮಪಾನದ ಬಗ್ಗೆ ಹೌದು, ಇಲ್ಲ ಎಂದು ಎರಡೇ ಚೌಕ ಇಟ್ಟರೆ ಸಾಲದು. ಈಗ ಸೇದುವವರು, ಬಿಟ್ಟವರು, ಎಂದೂ ಸೇದದವರು ಮೂರು ಬೇರೆ ಬೇರೆ ಗುಂಪು. ಸಿಗರೇಟಿನ ಹೊಗೆಯೇ ಶ್ವಾಸಕೋಶದ ವೆಜೆಫನ್ನು ಇಳಿಸುತ್ತದೆ. ಕಾಯಿಲೆ ಇಲ್ಲದ ಧೂಮಪಾನಿಗಳ ಶ್ವಾಸಕೋಶ ತೊಳೆದ ದ್ರವದಲ್ಲೂ ಅದು ಕಡಿಮೆ. ಆದ್ದರಿಂದ ನಿಮ್ಮ ಆರೋಗ್ಯವಂತರ ಗುಂಪಿನಲ್ಲಿ ಎಂದೂ ಸೇದದವರಷ್ಟೇ ಇದ್ದರೆ ನೀವು ಕಾಯಿಲೆಯನ್ನು ಹೋಲಿಸುತ್ತಿಲ್ಲ, ಹೊಗೆಯನ್ನು ಹೋಲಿಸುತ್ತಿದ್ದೀರಿ. ಕಾಯಿಲೆ ಇಲ್ಲದ ಧೂಮಪಾನಿಗಳ ಗುಂಪೊಂದು ಇರಲೇಬೇಕು. ಅವರನ್ನು ಹುಡುಕುವುದು ಕಷ್ಟ. ಆರೋಗ್ಯವಾಗಿರುವ ಧೂಮಪಾನಿ ತಾನಾಗಿ ಆಸ್ಪತ್ರೆಗೆ ಏಕೆ ಬಂದಾನು?

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ರಕ್ತದ ವೆಜೆಫ್ ಏರುತ್ತದೆ, ಆದ್ದರಿಂದ ಉಲ್ಬಣ ಮುಗಿದು ಕೆಲವು ವಾರ ಕಳೆದವರನ್ನೇ ಸ್ಥಿರ ಗುಂಪಿಗೆ ಸೇರಿಸಿ. ಸ್ಟಿರಾಯ್ಡ್ ವೆಜೆಫನ್ನು ತಗ್ಗಿಸುತ್ತದೆ. ಸೇದುವ ರೂಪದ್ದನ್ನೂ ನುಂಗುವುದನ್ನೂ ಬರೆದಿಡಿ. ಕ್ಯಾನ್ಸರ್ ಇರುವವರು, ಕಣ್ಣಿಗೆ ವೆಜೆಫ್ ತಡೆ ಚುಚ್ಚುಮದ್ದು ತೆಗೆದುಕೊಳ್ಳುವವರು ಹೊರಗೆ. ಮನೆಯಲ್ಲಿ ಆಮ್ಲಜನಕ ಬಳಸುವವರನ್ನು ಗುರುತು ಹಾಕಿಕೊಳ್ಳಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರನ್ನು ಕೂಡಲೇ ಚುಚ್ಚಬೇಡಿ, ಅರ್ಧ ಗಂಟೆ ಕೂರಿಸಿ. ಅದು ವಿಜ್ಞಾನಕ್ಕೂ ಒಳ್ಳೆಯದು, ಅವರಿಗೂ.

ರಕ್ತ

ನನ್ನ ನಿಯಮ: ಇಡಿಟಿಎ ಅಥವಾ ಸಿಟ್ರೇಟ್, ಬೇರೇನೂ ಬೇಡ. ಹೆಪಾರಿನ್ ಟ್ಯೂಬು ಕೈಗೆಟುಕಿದರೂ ಮುಟ್ಟಬೇಡಿ. ವೆಜೆಫ್ ಹಲವು ಉದ್ದಗಳಲ್ಲಿ ತಯಾರಾಗುತ್ತದೆ, 121, 165, 189 ಅಮೈನೋ ಆಮ್ಲಗಳು ಎಂದು ಎಣಿಸಿ ಅವಕ್ಕೆ ಹೆಸರು. ಅವುಗಳಲ್ಲಿ ಮುಖ್ಯವಾದ 165ಕ್ಕೆ ಹೆಪಾರಿನ್‌ಗೆ ಅಂಟಿಕೊಳ್ಳುವ ಗುಣವಿದೆ. ಅಂಟಿಕೊಂಡದ್ದನ್ನು ನಿಮ್ಮ ಪ್ರತಿಕಾಯ ಗುರುತಿಸುತ್ತದೋ ಇಲ್ಲವೋ ಎಂಬ ತಲೆನೋವು ಏಕೆ?

ರಕ್ತ ತೆಗೆದ 30 ನಿಮಿಷದೊಳಗೆ 1,000 ಜಿ ಬಲದಲ್ಲಿ (ಗುರುತ್ವದ 1,000 ಪಟ್ಟು) 15 ನಿಮಿಷ ತಿರುಗಿಸಿ. ಮೇಲಿನ ಪ್ಲಾಸ್ಮಾವನ್ನು ಎತ್ತುವಾಗ ಕೆಳಗಿನ ಬಿಳಿ ಪದರದ ಹತ್ತಿರ ಪಿಪೆಟ್ ಒಯ್ಯಬೇಡಿ. ಒಂದಿಷ್ಟು ಪ್ಲಾಸ್ಮಾ ಬಿಟ್ಟುಕೊಟ್ಟರೂ ಪರವಾಗಿಲ್ಲ, ಇಲ್ಲಿ ಜಿಪುಣತನ ನಷ್ಟ. ಎತ್ತಿದ್ದನ್ನು 10,000 ಜಿಯಲ್ಲಿ ಇನ್ನೂ 10 ನಿಮಿಷ, ತಣ್ಣಗಿಟ್ಟು, ತಿರುಗಿಸಿ. ಈ ಎರಡನೆಯ ಸುತ್ತು ಉಳಿದ ಪ್ಲೇಟ್‌ಲೆಟ್‌ಗಳನ್ನು ತಳಕ್ಕೆ ಇಳಿಸುತ್ತದೆ. ಇದನ್ನು ಬಿಟ್ಟರೆ ಅವು ನಿಮ್ಮ ಟ್ಯೂಬಿನೊಳಗೇ ಹೆಪ್ಪುಗಟ್ಟದೆ ಕೂತಿದ್ದು, ಫ್ರೀಜರಿನಲ್ಲಿ ಒಡೆದು, ಕರಗಿಸಿದ ದಿನ ವೆಜೆಫ್ ಚೆಲ್ಲುತ್ತವೆ. ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದು ಪಾಲು, ಒಂದೇ ಸಲ ಕರಗಿಸುವುದು. ಪ್ರತಿ ಪಾಲಿನ ಮೇಲೂ ಟ್ಯೂಬಿನ ಬಗೆ ಬರೆಯಿರಿ. ನಮ್ಮ ಪಾಲುಗಳ ಮೇಲೆ ಕ್ರಮಸಂಖ್ಯೆ ಮಾತ್ರ ಇತ್ತು, ಅನಾಹುತಕ್ಕೆ ಅದೇ ಬಾಗಿಲು ತೆರೆದದ್ದು.

ಯಾರೋ ಸೀರಮ್ ಮಾತ್ರ ಕೂಡಿಟ್ಟಿದ್ದಾರೆ, ಬೇರೆ ದಾರಿ ಇಲ್ಲ ಎಂದಿಟ್ಟುಕೊಳ್ಳಿ. ಆಗ ಅದೇ ದಿನದ ಪ್ಲೇಟ್‌ಲೆಟ್ ಎಣಿಕೆ ಸಿಗುತ್ತದೆಯೇ ನೋಡಿ, ಎಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯುತ್ತದೆಯೇ ಪರೀಕ್ಷಿಸಿ. ಉಳಿಯದಿದ್ದರೆ ನಿಮ್ಮ ಕೈಯಲ್ಲಿರುವುದು ಪ್ಲೇಟ್‌ಲೆಟ್ ಕುರಿತ ಪ್ರಬಂಧ.

ಇಷ್ಟೆಲ್ಲ ಮಾಡಿ ಪ್ಲಾಸ್ಮಾದಲ್ಲಿ ಸಿಕ್ಕ ಸಂಖ್ಯೆ ಶ್ವಾಸಕೋಶದ್ದೇ ಎಂದು ಭ್ರಮಿಸಬೇಡಿ. 2001ರಲ್ಲಿ ಕೇನರ್ ಮತ್ತು ಕ್ರಿಸ್ಟಲ್ ಅಳೆದಾಗ, ಗಾಳಿಗೂಡಿನ ಒಳಮೈಗೆ ಲೇಪಿಸಿದಂತಿರುವ ತೆಳು ದ್ರವದಲ್ಲಿ ವೆಜೆಫ್ ಪ್ಲಾಸ್ಮಾಗಿಂತ ಸುಮಾರು 500 ಪಟ್ಟು ಹೆಚ್ಚಿತ್ತು. ಗಾಳಿಗೂಡಿನ ಎರಡನೆಯ ಬಗೆಯ ಮೇಲ್ಪದರ ಕೋಶಗಳು ಅದನ್ನು ಅಲ್ಲೇ ತಯಾರಿಸಿ ಅಲ್ಲೇ ಇಟ್ಟುಕೊಂಡಿರುತ್ತವೆ. ತುಂಬಿದ ಕೆರೆಯ ಸ್ಥಿತಿಯನ್ನು ದೂರದ ಕಾಲುವೆಯಲ್ಲಿ ಬೆರಳದ್ದಿ ಹೇಳಲು ಹೊರಟಂತೆ ರಕ್ತದ ಅಳತೆ.

ಕಫ

ಕಫ ಶ್ವಾಸಕೋಶಕ್ಕೆ ಹತ್ತಿರ, ಆದರೆ ಕೆಲಸ ಕೊಳಕು, ತಾಳ್ಮೆ ಬೇಡುತ್ತದೆ. ಮೊದಲು ಸಾಲ್ಬುಟಮಾಲ್ ಕೊಟ್ಟು ಶ್ವಾಸನಾಳ ಸಡಿಲಿಸಿ, ಆಮೇಲೆ ಉಪ್ಪುನೀರಿನ ಆವಿ ಸೇದಿಸಿ ಕಫ ಬರಿಸುವುದು ರೂಢಿ. ತೀವ್ರ ಕಾಯಿಲೆಯವರಲ್ಲಿ ಇದೇ ಉಸಿರು ಕಟ್ಟಿಸಬಹುದು. ವೈದ್ಯರು ಪಕ್ಕದಲ್ಲಿಲ್ಲದೆ, ನಡುನಡುವೆ ಎಫ್‌ಇವಿ1 ನೋಡದೆ ಮಾಡುವ ಕೆಲಸವಲ್ಲ. ಬಂದದ್ದರಲ್ಲಿ ಗಟ್ಟಿ ತುಣುಕುಗಳನ್ನು ಚಿಮುಟದಿಂದ ಆರಿಸಿ ಉಗುಳಿನಿಂದ ಬೇರೆ ಮಾಡಬೇಕು. ಕಪ್ಪು ಹಾಳೆಯ ಮೇಲೆ ಪೆಟ್ರಿ ತಟ್ಟೆಯಿಟ್ಟರೆ ಕಫ ಹಳದಿಬೂದು ಮುದ್ದೆಯಾಗಿ ಕಾಣುತ್ತದೆ, ಉಗುಳು ನೊರೆಯಾಗಿ ಜಾರುತ್ತದೆ. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಎರಡನೆಯ ವಾರ ಒಳ್ಳೆಯ ತುಣುಕು ಸಿಕ್ಕರೆ ಖುಷಿಯಾಗುತ್ತದೆ. ನನ್ನನ್ನು ನಂಬಿ.

ಇಲ್ಲಿ ಒಂದು ಗುಪ್ತ ಹೊಂಡವಿದೆ. ಕಫದ ಅಂಟನ್ನು ಬಿಡಿಸಲು ಎಲ್ಲರೂ ಡಿಟಿಟಿ ಎಂಬ ರಾಸಾಯನಿಕವನ್ನು ಬಳಸುತ್ತಾರೆ. ಅದು ಕೆಲಸ ಮಾಡುವುದು ಲೋಳೆಯ ಪ್ರೋಟೀನುಗಳನ್ನು ಹೆಣೆದಿರುವ ಗಂಧಕದ ಸೇತುವೆಗಳನ್ನು ಕತ್ತರಿಸಿ. ವೆಜೆಫ್ ಎಂಬುದೂ ಎರಡು ಸರಪಳಿಗಳು ಅಂಥದೇ ಗಂಧಕದ ಸೇತುವೆಗಳಿಂದ ಕೂಡಿದ ಜೋಡಿ. ಲೋಳೆ ಕತ್ತರಿಸುವ ಕತ್ತರಿ ನಿಮ್ಮ ಸರಕನ್ನೂ ಕತ್ತರಿಸಿದರೆ ಪ್ರತಿಕಾಯಕ್ಕೆ ಗುರುತೇ ಸಿಗುವುದಿಲ್ಲ, ಸಂಖ್ಯೆ ಇಳಿಯುತ್ತದೆ, ನೀವು ಎಂಫಿಸೀಮಾ ಎಂದು ಬರೆಯುತ್ತೀರಿ.

ಪರಿಹಾರ ಸರಳ. ಒಂದು ಕಫದ ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಗೊತ್ತಿರುವಷ್ಟು ಶುದ್ಧ ವೆಜೆಫ್ ಸೇರಿಸಿ, ಉದಾಹರಣೆಗೆ ಮಿಲಿಲೀಟರಿಗೆ 500 ಪಿಕೋಗ್ರಾಮ್. ಎರಡನ್ನೂ ಡಿಟಿಟಿ ಸಹಿತ ಪೂರ್ತಿ ವಿಧಾನದಲ್ಲಿ ಹಾಯಿಸಿ. ಎರಡರ ನಡುವಿನ ವ್ಯತ್ಯಾಸ 400ರಿಂದ 600ರೊಳಗೆ ಬಂದರೆ ಮುಂದುವರಿಯಿರಿ. 200 ಬಂದರೆ ಡಿಟಿಟಿಯ ಪ್ರಮಾಣ ಇಳಿಸಿ, ಸಮಯ ಕಡಿಮೆ ಮಾಡಿ, ಅಥವಾ ಅದಿಲ್ಲದೆ ಬರೀ ಲವಣ ದ್ರಾವಣದಲ್ಲಿ ಕಲಕಿ ನೋಡಿ. ಈ ಒಂದು ಮಧ್ಯಾಹ್ನದ ಕೆಲಸವನ್ನು ಬಿಟ್ಟ ಪ್ರಬಂಧದ ಕಫದ ಅಂಕಿಗಳನ್ನು ನಾನು ಓದುತ್ತೇನೆ, ನೆಚ್ಚಿಕೊಳ್ಳುವುದಿಲ್ಲ.

ಶ್ವಾಸಕೋಶವನ್ನು ತೊಳೆದು ತೆಗೆದ ದ್ರವದ ಬಗ್ಗೆ ಎರಡೇ ಮಾತು. ಒಳಗೆ ಬಿಟ್ಟ ಲವಣದ್ರಾವಣ ಎಷ್ಟು ಮರಳಿ ಬರುತ್ತದೆ ಎಂಬುದು ರೋಗಿಯಿಂದ ರೋಗಿಗೆ ಬದಲಾಗುತ್ತದೆ, ಎಂಫಿಸೀಮಾದವರಲ್ಲಿ ಕಡಿಮೆಯೇ ಬರುತ್ತದೆ. ಹಾಗಾಗಿ ಯೂರಿಯಾ ಅಳೆದು ದುರ್ಬಲಗೊಂಡ ಪ್ರಮಾಣವನ್ನು ಸರಿಪಡಿಸಿ. ಯೂರಿಯಾ ರಕ್ತದಿಂದ ಗಾಳಿಗೂಡಿಗೆ ಸಲೀಸಾಗಿ ದಾಟುವುದರಿಂದ ಎರಡೂ ಕಡೆ ಸಮ ಇರುತ್ತದೆ, ದ್ರವದಲ್ಲಿ ಎಷ್ಟು ತೆಳುವಾಗಿದೆಯೋ ಅಷ್ಟೇ ವೆಜೆಫೂ ತೆಳುವಾಗಿರುತ್ತದೆ ಎಂಬುದು ಲೆಕ್ಕ.

ತಟ್ಟೆಯ ಮುಂದೆ

ಕಿಟ್ ತರಿಸುವ ಮುನ್ನ ಅದರ ಜೊತೆಗಿರುವ ಹಾಳೆಯಲ್ಲಿ ಒಂದು ಸಂಗತಿ ಹುಡುಕಿ: ಅದು ಅಳೆಯುವುದು ಒಟ್ಟು ವೆಜೆಫನ್ನೋ, ಬಿಡಿ ವೆಜೆಫನ್ನೋ? ಮೊದಲನೆಯ ಗ್ರಾಹಕದ ಒಂದು ತುಂಡು ಕೋಶದಿಂದ ಕಳಚಿಕೊಂಡಂತೆ ರಕ್ತದಲ್ಲಿ ತೇಲುತ್ತಿರುತ್ತದೆ. ಎಸ್‌ಫ್ಲಿಟ್1 ಎಂದು ಅದರ ಹೆಸರು. ಅದು ವೆಜೆಫನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆದರೆ ಯಾವ ಸಂಕೇತವನ್ನೂ ಒಳಕ್ಕೆ ಕಳಿಸುವುದಿಲ್ಲ. ಹಿಡಿದಿಟ್ಟು ಬಿಡದ ಪೊಳ್ಳು ಗ್ರಾಹಕ. ಹೆಚ್ಚಿನ ಕಿಟ್‌ಗಳು ಹೀಗೆ ಸೆರೆಯಾದ ವೆಜೆಫನ್ನು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಅದೇ ಮಾದರಿಯಲ್ಲಿ ಎಸ್‌ಫ್ಲಿಟ್1 ಕೂಡ ಅಳೆಯಿರಿ. ಬಜೆಟ್ ಸಾಲದಿದ್ದರೆ ರೋಗಿಗಳ ಸಂಖ್ಯೆ ಕಡಿಮೆ ಮಾಡಿಯಾದರೂ ಅಳೆಯಿರಿ.

ತಟ್ಟೆಯಲ್ಲಿ ಪ್ರತಿ ಮಾದರಿಯನ್ನೂ ಎರಡು ಕುಳಿಗಳಲ್ಲಿ ಹಾಕಿ. ರೋಗಿಗಳೆಲ್ಲ ಒಂದು ತಟ್ಟೆಯಲ್ಲಿ, ಆರೋಗ್ಯವಂತರೆಲ್ಲ ಇನ್ನೊಂದರಲ್ಲಿ ಎಂದು ಎಂದೂ ಮಾಡಬೇಡಿ, ಬೆರಸಿ ಹಾಕಿ. ಒಂದು ಮಾದರಿಯನ್ನು ಅರ್ಧಕ್ಕೆ, ಕಾಲಿಗೆ ತೆಳುಮಾಡಿ ಅಳೆದಾಗ ಸಂಖ್ಯೆಯೂ ಅರ್ಧ, ಕಾಲು ಆಗಬೇಕು. ಆಗದಿದ್ದರೆ ಮಾದರಿಯೊಳಗೆ ಯಾವುದೋ ಅಡ್ಡಿ ಇದೆ. ಆರೋಗ್ಯವಂತರ ಪ್ಲಾಸ್ಮಾದಲ್ಲಿ ವೆಜೆಫ್ ಕೆಲವೇ ಹತ್ತು ಪಿಕೋಗ್ರಾಮ್‌ಗಳ ಮಟ್ಟದಲ್ಲಿರುತ್ತದೆ, ಎಷ್ಟೋ ಬಾರಿ ಕಿಟ್‌ನ ಅಳತೆಯ ತಳಕ್ಕೇ ಬಡಿಯುತ್ತದೆ. ತಳಕ್ಕಿಂತ ಕೆಳಗಿದ್ದುದನ್ನು ಸೊನ್ನೆ ಎಂದು ಬರೆಯಬೇಡಿ, ತಳಕ್ಕಿಂತ ಕಡಿಮೆ ಎಂದೇ ಬರೆಯಿರಿ, ಎಷ್ಟು ಮಂದಿಯದು ಹಾಗಿತ್ತು ಎಂದು ಹೇಳಿ. ಈ ಅಂಕಿಗಳು ಒಂದೇ ಬದಿಗೆ ಬಾಲ ಚಾಚಿರುತ್ತವೆ, ಸರಾಸರಿಗಿಂತ ಮಧ್ಯಾಂಕ ವಾಸಿ.

ಅಂಕಿ ಬಂದ ಮೇಲೆ

ವೆಜೆಫ್ ಎಷ್ಟಿದೆ ಎಂದು ಗೊತ್ತಾದರೆ ಅರ್ಧ ಸಂಗತಿ ಮಾತ್ರ. ಗ್ರಾಹಕ ಎಂಬ ಮಾತಿಗೆ ಅಂಗಡಿಯ ನೆನಪು ಬಂದರೆ ತಪ್ಪಿಲ್ಲ: ಸರಕು ರಾಶಿ ಬಿದ್ದಿದ್ದರೂ ಕೊಳ್ಳುವವರಿಲ್ಲದಿದ್ದರೆ ವ್ಯಾಪಾರ ಎಲ್ಲಿ? ಬದುಕಿಸುವ ಸಂಕೇತವನ್ನು ಒಳಕ್ಕೆ ಒಯ್ಯುವುದು ಎರಡನೆಯ ಗ್ರಾಹಕ, ವಿಇಜಿಎಫ್‌ಆರ್2. ಎಂಫಿಸೀಮಾದಲ್ಲಿ ಅದೇ ಕಡಿಮೆಯಾಗಿದ್ದರೆ ವೆಜೆಫ್ ಏರಿದರೂ ಗೋಡೆಗೆ ಉಪಯೋಗವಿಲ್ಲ. ಅಂಗಾಂಶ ಸಿಕ್ಕರೆ ಎರಡನ್ನೂ ಒಟ್ಟಿಗೆ ನೋಡಿ, ಮತ್ತು ಎಲ್ಲಿ ನೋಡಿದಿರಿ ಎಂದು ಬರೆಯಿರಿ: ಶ್ವಾಸನಾಳವೇ, ಗಾಳಿಗೂಡಿನ ಗೋಡೆಯೇ, ಅಪಧಮನಿಯೇ. ಇಡೀ ತುಂಡನ್ನು ಅರೆದು ಅಳೆದರೆ ನಾನು ಆಗ ಹೇಳಿದ ಸಂತೆಯೂ ಬಯಲೂ ಒಂದೇ ಟ್ಯೂಬಿನಲ್ಲಿ ಕಲಸಿಹೋಗುತ್ತವೆ. ಇನ್ನೊಂದು ಎಚ್ಚರಿಕೆ, ಗೋಡೆಯೇ ಕರಗಿದ ಮೇಲೆ ಅದರ ಕೋಶಗಳು ತಯಾರಿಸುತ್ತಿದ್ದ ಪ್ರೋಟೀನೂ ಇಳಿಯುವುದು ಸಹಜ. ಕಡಿಮೆ ವೆಜೆಫ್‌ನಿಂದ ಗೋಡೆ ಹೋಯಿತೋ, ಗೋಡೆ ಹೋದದ್ದರಿಂದ ವೆಜೆಫ್ ಕಡಿಮೆಯಾಯಿತೋ ಎಂಬುದನ್ನು ಮನುಷ್ಯರ ಒಂದೇ ದಿನದ ಮಾದರಿ ಹೇಳಲಾರದು. ಇಲಿಗಳ ಪ್ರಯೋಗಗಳು ಮುಖ್ಯವಾಗುವುದು ಅದಕ್ಕೇ.

ಆಮ್ಲಜನಕ ಕಡಿಮೆಯಾದರೆ ವೆಜೆಫ್ ಏರಬೇಕಲ್ಲ ಎಂದು ಓದಿಕೊಂಡವರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಕೋಶಕ್ಕೆ ಆಮ್ಲಜನಕ ಸಾಲದಾದಾಗ ಎಚ್‌ಐಎಫ್ ಎಂಬ ಪ್ರೋಟೀನ್ ಒಡೆಯದೆ ಉಳಿದು ವೆಜೆಫ್ ಜೀನನ್ನು ಎಬ್ಬಿಸುತ್ತದೆ. ಆಮ್ಲಜನಕವನ್ನು ಕೋಶ ಗ್ರಹಿಸುವ ಬಗೆಯನ್ನು ಬಿಡಿಸಿಟ್ಟದ್ದಕ್ಕೆ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆಂಜಾ 2019ರಲ್ಲಿ ನೊಬೆಲ್ ಪಡೆದರು. ಹೊಗೆಯ ಏಟು ತಿಂದ ಶ್ವಾಸಕೋಶದಲ್ಲಿ ಈ ಗಂಟೆ ಬಾರಿಸಿದರೂ ಏಳಬೇಕಾದವರು ಏಳುವುದಿಲ್ಲ, ಎಂಫಿಸೀಮಾದ ವಿಚಿತ್ರ ಇರುವುದೇ ಅಲ್ಲಿ. ಅಪಧಮನಿಗಳ ವರ್ತನೆ ಇನ್ನೂ ವಿಚಿತ್ರ. ಎಂಫಿಸೀಮಾ ತಂದ ಅದೇ ಎಸ್‌ಯು5416 ಔಷಧವನ್ನು ಕಡಿಮೆ ಆಮ್ಲಜನಕದಲ್ಲಿಟ್ಟ ಇಲಿಗಳಿಗೆ ಕೊಟ್ಟಾಗ, 2001ರ ಪ್ರಯೋಗದಲ್ಲಿ, ಶ್ವಾಸಕೋಶದ ಅಪಧಮನಿಗಳ ಒಳಪದರದಲ್ಲಿ ಮೊದಲು ಕೆಲವು ಕೋಶಗಳು ಸತ್ತರೂ ಆಮೇಲೆ ಉಳಿದವು ಬೆಳೆದು ನಾಳವನ್ನೇ ಮುಚ್ಚಿ ತೀವ್ರ ರಕ್ತದೊತ್ತಡ ತಂದವು. ತಡೆದದ್ದು ಬೆಳವಣಿಗೆಯ ಅಂಶವನ್ನು, ಆದದ್ದು ಬೆಳವಣಿಗೆ. ಈ ಫಲಿತಾಂಶವನ್ನು ಓದಿದ ದಿನ ನಾನು ವೆಜೆಫ್ ಬಗ್ಗೆ ಒಂದು ಸಾಲಿನ ಉತ್ತರ ಕೊಡುವುದನ್ನು ನಿಲ್ಲಿಸಿದೆ.

ವೆಜೆಫ್ ಒಂದೇ ಅಲ್ಲ ಎಂಬುದನ್ನೂ ನೆನಪಿಡಿ. ಆಂಜಿಯೋಪೊಯೆಟಿನ್ 1 ನಾಳವನ್ನು ಬಿಗಿಯಾಗಿಡುತ್ತದೆ, 2 ಸಡಿಲಿಸುತ್ತದೆ. ಉಲ್ಬಣದ ದಿನಗಳಲ್ಲಿ ಎರಡನೆಯದು ಏರುವುದನ್ನು ಕಂಡಿದ್ದಾರೆ. ಗರ್ಭವೇಷ್ಟನದ ಬೆಳವಣಿಗೆ ಅಂಶ ಪಿಎಲ್‌ಜಿಎಫ್ ಎಂಬುದು ವೆಜೆಫ್‌ನದೇ ಬಳಗ, ಆದರೆ ಅದು ಇಲಿಯ ಶ್ವಾಸಕೋಶದಲ್ಲಿ ಅತಿಯಾದಾಗ ಬಂದದ್ದು ಎಂಫಿಸೀಮಾ. ಸಂಬಂಧಿಕರೆಲ್ಲ ಒಂದೇ ಸ್ವಭಾವದವರಲ್ಲ.

ರೋಗಿಗಳ ಮನೆಯವರೂ ನನ್ನಲ್ಲಿಗೆ ಬರುತ್ತಾರೆ, ಎಲ್ಲಿಯೋ ಓದಿಕೊಂಡು. ತಂದೆಗೆ ವೆಜೆಫ್ ಪರೀಕ್ಷೆ ಮಾಡಿಸಬೇಕೇ, ಅದನ್ನು ಹೆಚ್ಚಿಸುವ ಮಾತ್ರೆ ಇದೆಯೇ ಎಂದು. ಇವರಿಗೆ ನಾನು ತಡವರಿಸದೆ ಉತ್ತರಿಸುತ್ತೇನೆ: ಬೇಡ, ಇಲ್ಲ. ಇದು ಸಂಶೋಧನೆಯ ಅಳತೆ, ಚಿಕಿತ್ಸೆ ನಿರ್ಧರಿಸುವ ಪರೀಕ್ಷೆಯಲ್ಲ. ಗಾಳಿಗೂಡಿಗೆ ಒಳ್ಳೆಯದಾಗಲಿ ಎಂದು ಮೈಯೆಲ್ಲ ವೆಜೆಫ್ ಏರಿಸಿದರೆ ಶ್ವಾಸನಾಳದ ಗೋಡೆ ಇನ್ನಷ್ಟು ಸೋರಿ ಊದಬಹುದು, ಎಲ್ಲೋ ಅಡಗಿದ ಗಡ್ಡೆಗೆ ರಕ್ತನಾಳ ಕಟ್ಟಿಕೊಟ್ಟಂತಾಗಬಹುದು. ವೆಜೆಫನ್ನು ತಡೆಯುವ ಬೆವಾಸಿಜುಮಾಬ್ 2004ರಲ್ಲಿ ಕ್ಯಾನ್ಸರಿಗೆ ಮದ್ದಾಗಿ ಬಂದದ್ದು ಸುಮ್ಮನೆ ಅಲ್ಲ. ಸಿಗರೇಟು ಬಿಡಿಸಿ, ಇನ್‌ಹೇಲರ್ ಸರಿಯಾಗಿ ಸೇದುತ್ತಿದ್ದಾರೆಯೇ ವೈದ್ಯರ ಎದುರಿಗೆ ಸೇದಿ ತೋರಿಸಲಿ, ಉಸಿರಾಟದ ಪುನಶ್ಚೇತನ ವ್ಯಾಯಾಮಕ್ಕೆ ಸೇರಿಸಿ ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಹೊಸ ಅಣುವಿನ ಹೆಸರು ಹೇಳಿದ್ದರೆ ಹಾಗಾಗುತ್ತಿರಲಿಲ್ಲ.

ಇನ್ನು ಬರೆಯುವ ಕೆಲಸ. ಮೊನ್ನೆ ವಿದ್ಯಾರ್ಥಿಯೊಬ್ಬಳು ತಂದ ಕರಡಿನ ಮೊದಲ ಸಾಲು, "ಸಿಒಪಿಡಿಯಲ್ಲಿ ವೆಜೆಫ್ ಹೆಚ್ಚಾಗಿತ್ತು" ಎಂದಿತ್ತು. ನಾನು ಪೆನ್ಸಿಲ್ ಹಿಡಿದು ಎಲ್ಲಿ, ಯಾರಲ್ಲಿ, ಯಾವಾಗ, ಯಾವ ಟ್ಯೂಬು ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದೆ. ಎರಡು ದಿನ ಬಿಟ್ಟು ಬಂದಳು. ಸಾಲು ಈಗ ಹೀಗಿತ್ತು: "ಸಿಟಿಯಲ್ಲಿ ಎಂಫಿಸೀಮಾ ಕಾಣದ, ಧೂಮಪಾನ ಬಿಟ್ಟಿದ್ದ, ಸ್ಥಿರ ಸ್ಥಿತಿಯಲ್ಲಿದ್ದ ಸಿಒಪಿಡಿ ರೋಗಿಗಳ ಕಫದಲ್ಲಿ, ಡಿಟಿಟಿ ಬಳಸದೆ ಅಳೆದಾಗ, ಬಿಡಿ ವೆಜೆಫ್ ಕಾಯಿಲೆ ಇಲ್ಲದ ಮಾಜಿ ಧೂಮಪಾನಿಗಳಿಗಿಂತ ಹೆಚ್ಚಾಗಿತ್ತು, ಇಡಿಟಿಎ ಪ್ಲಾಸ್ಮಾದಲ್ಲಿ ವ್ಯತ್ಯಾಸ ಕಾಣಲಿಲ್ಲ." ತುಂಬಾ ಉದ್ದವಾಯಿತೇ ಎಂದು ಕೇಳಿದಳು. ಇಲ್ಲ ಎಂದೆ, ಮಾದರಿ ದಾಖಲೆಯ ಪುಸ್ತಕ ತರಲು ಹೇಳಿದೆ.